ಓಗೊಡದ ಮನೆ

ದೇವರಾಜ ಮೊಹಲ್ಲಾ, ಮೈಸೂರು
22 ಮಾರ್ಚ್ 2026

ಲಾಸ್ಯ,

“ಕರೆದ ದನಿಗೆ ಓಗೊಡದ ಮನೆ…” ಎಂದು ಶುರುವಾಗುವ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಮುಂದಿನದು ನೆನಪಾಗುತ್ತಿಲ್ಲ. ‘ಮನೆಯಲ್ಲ’ ಎಂದಿತ್ತೇ? ‘ಮಸಣ’ ಎಂದಿತ್ತೇ? ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಬಿದ್ದಿದ್ದ ರಟ್ಟು ಹರಿದ ಪತ್ರಿಕೆಯೊಂದರಲ್ಲಿ ಓದಿದ್ದು. ಬರೆದವರ ಹೆಸರನ್ನು ಆಗಲೂ ನೋಡಲಿಲ್ಲ. ಇಪ್ಪತ್ತೆರಡರ ವಯಸ್ಸಿಗೆ ಅದು ಎಷ್ಟು ನಿಜ ಅನ್ನಿಸಿತ್ತು! ಈಗ ಅನುಮಾನ. ಕರೆದದ್ದು ಯಾರು ಎಂದು ಆ ಕವಿ ಒಂದು ಸಲವಾದರೂ ಯೋಚಿಸಿದ್ದರೇ?

ಸಂಕ್ರಾಂತಿಯ ಮಾರನೆಯ ದಿನ ಬೆಟ್ಟದ ಮೇಲೆ ಅದು ಮೊದಲು ಕಾಣಿಸಿದಾಗ ನಾವಿಬ್ಬರೂ ತಾರಸಿಗೆ ಓಡಿದ್ದೆವಲ್ಲ. ಮೋಡವೂ ಅಲ್ಲ, ಬೆಳಕೂ ಅಲ್ಲ, ಕೆನೆಯಂಥ ಒಂದು ಪದರ. ಲೋಕದ ಎಲ್ಲ ಊರುಗಳ ಮೇಲೂ ಹಾಗೇ ನಿಂತಿದೆ ಎಂದು ನೀನು ಫೋನಿನಲ್ಲಿ ತೋರಿಸಿದೆ. ಬೇರೆ ಲೋಕದವರು ಬಂದರೆ ಬೆಂಕಿ ಸುರಿಸುತ್ತಾರೆ ಎಂದುಕೊಂಡಿದ್ದೆ. ನಮ್ಮ ಹೆಸರು ಹಿಡಿದು, ನಮ್ಮವರ ದನಿಯಲ್ಲೇ ಕರೆಯುತ್ತಾರೆ ಎಂದು ಯಾರಿಗೆ ಗೊತ್ತಿತ್ತು?

ನಿನ್ನ ಅಪ್ಪ ಹೋಗಿ ನಾಲ್ಕು ವರ್ಷ. ಫೋನ್ ಎತ್ತಿದರೆ, “ಮಂಗಳಾ, ಕೊಡೆ ಮರೆತು ಬಂದ್ಬುಟ್ಟೆ ಕಣೇ, ಇದೀಯಾ?” ಅದೇ ದನಿ, ಅದೇ ಅರ್ಧ ನಗು. ಕೆಮ್ಮು ಮಾತ್ರ ಇರಲಿಲ್ಲ. ಅವರು ಕೆಮ್ಮದೆ ಒಂದು ಮಾತು ಮುಗಿಸಿದ್ದನ್ನು ನಾನು ಕಂಡವಳಲ್ಲ. ಅವರಲ್ಲ ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ‘ಓ’ ಎನ್ನಲು ತೆರೆದೇ ಇತ್ತು. ನೀನು ಬಂದು ನನ್ನ ಬಾಯಿ ಒತ್ತಿ ಹಿಡಿದೆ. ಫೋನನ್ನು ನೀರಿನ ಬಕೆಟ್ಟಿಗೆ ಎಸೆದೆ. ಹಿಂದಿನ ಬೀದಿಯ ಪ್ರೇಮಲೀಲಾಳ ಬಾಯಿ ಒತ್ತುವವರು ಯಾರೂ ಇರಲಿಲ್ಲ. ಓ ಎಂದಳು. ಒಲೆಯ ಮೇಲಿನ ಹಾಲನ್ನೂ ಇಳಿಸದೆ ಬರಿಗಾಲಲ್ಲಿ ಹೊರಟುಹೋದಳು. ಓ ಎಂದವರು ಒಬ್ಬರೂ ಹಿಂದಿರುಗಿಲ್ಲ. ಒಬ್ಬರು ಓಗೊಟ್ಟರೆ ಆ ಪದರ ಒಂದು ಗೇಣು ಕೆಳಗಿಳಿಯುತ್ತದೆ ಎನ್ನುತ್ತಾರೆ. ಬೆಟ್ಟದ ಗೋಪುರದ ತುದಿ ಈಗ ನಮ್ಮ ತಾರಸಿಗೆ ಕಾಣುವುದಿಲ್ಲ.

ಪ್ರೆಸ್ಸಿನಲ್ಲಿ ಪುಸ್ತಕದ ಕೆಲಸ ನಿಂತಿದೆ. ಮೊನ್ನೆ ಮಾಲೀಕರಾದ ವೃಷಭೇಂದ್ರಪ್ಪನವರು ಒಂದು ಹಾಳೆ ಮುಂದಿಟ್ಟು, “ಎರಡೇ ಪದ ಮೇಡಂ, ಆದ್ರೂ ಪ್ರೂಫ್ ನೋಡ್ಬುಡಿ” ಎಂದರು. ನೋಡಿದೆ. ‘ನಾಳೆ ಬಾ.’ ಎಲ್ಲರ ಗೇಟಿಗೂ ಅಂಟಿಸಲು. ನನ್ನ ಅಜ್ಜಿಯ ಮನೆಯ ಕದದ ಮೇಲೆ ಇದೇ ಮಾತು ಇದ್ದಿಲಿನಲ್ಲಿ ಬರೆದಿತ್ತು. ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಓ ಎಂದರೆ ಮುಗಿಯಿತು. ಅಕ್ಷರ ಓದಿಕೊಂಡರೆ ‘ಸರಿ, ನಾಳೆ’ ಎಂದು ಹೋಗುತ್ತದೆ, ನಾಳೆ ಬಂದರೂ ಅಲ್ಲಿರುವುದು ಅದೇ ಅಕ್ಷರ ಎನ್ನುತ್ತಿದ್ದಳು. ಓದು ಬರುವ ದೆವ್ವವೇ ಅಜ್ಜಿ ಎಂದು ನಕ್ಕಿದ್ದೆ. ಈಗ ಸರ್ಕಾರದ ನೋಟಿಸೇ ಹಾಗಿದೆ: ಓಗೊಡಬೇಡಿ, ತಡೆಯಲಾಗದಿದ್ದರೆ ‘ನಾಳೆ ಬಾ’ ಎನ್ನಿ. ಯಾಕೋ ಅದು ಆ ದಿನದ ಮಟ್ಟಿಗೆ ಹೋಗುತ್ತದಂತೆ. ಅಜ್ಜಿ ಇರಬೇಕಿತ್ತು.

ನೀನು ಯುಗಾದಿಗೂ ನಿಲ್ಲಲಿಲ್ಲ. “ಇನ್ನೊಬ್ಬರ ಅಮ್ಮ ಹಾಗೆ ಬಾಯಿ ತೆಗೀಬಾರ್ದು ಕಣಮ್ಮ” ಎಂದು ಹೇಳಿ, ಕರೆ ತಡೆಯುವವರ ಜೊತೆ ಸೇರಲು ಕಡಕೊಳಕ್ಕೆ ಹೊರಟೆ. ಬೇಡ ಎನ್ನಲು ನನ್ನ ಹತ್ತಿರ ವಾದವಿರಲಿಲ್ಲ, ಆಸೆ ಮಾತ್ರ ಇತ್ತು. ಅಲ್ಲಿ ನಿಮ್ಮನ್ನು ಏನು ಮಾಡುತ್ತಾರೆ? ಕಾಗದ ಒಂದನ್ನೇ ಬಿಡುತ್ತಾರಂತೆ, ಬರಿ.

ಅಮ್ಮ


ಕಡಕೊಳ
6 ಏಪ್ರಿಲ್

ಅಮ್ಮ,

ಏನೂ ಮಾಡುವುದಿಲ್ಲ. ಕೂರಿಸುತ್ತಾರೆ.

ಹಳೆಯ ಫ್ಯಾಕ್ಟರಿ ಶೆಡ್. ನಾಲ್ಕು ಸಾವಿರ ಜನ ಚಾಪೆಯ ಮೇಲೆ ಸಾಲಾಗಿ ಕೂತಿದ್ದೇವೆ. ಕತ್ತಿನ ಹಿಂದೆ ಕೂದಲಿನಷ್ಟು ಸಣ್ಣ ತಂತಿ ನೆಟ್ಟಿದ್ದಾರೆ, ನೋವಿಲ್ಲ. ಇಂಥ ಶೆಡ್ಡುಗಳು ಲೋಕದ ತುಂಬ ಇವೆ, ಎಲ್ಲವೂ ಒಂದಕ್ಕೊಂದು ಸೇರಿವೆ. ಊರಿನವರಿಗೆ ಹೋಗಬೇಕಾದ ಕರೆಗಳನ್ನು ನಾವು ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ. ಎಲ್ಲವನ್ನೂ ಆಗುವುದಿಲ್ಲ, ಆದಷ್ಟನ್ನು.

ಹೇಗೆ ತಡೆಯುತ್ತೀರಿ ಎಂದು ಕೇಳುತ್ತೀಯೆ. ಒಬ್ಬಳಿಗೇ ತಡೆಯಲು ಆಗುವುದಿಲ್ಲ, ನಿನ್ನನ್ನು ನೋಡಿದ್ದೇನಲ್ಲ. ಆದರೆ ನಿನ್ನ ದನಿ ನನಗೆ ಮಾತ್ರ ಅಮ್ಮನ ದನಿ. ನನ್ನ ಪಕ್ಕದ ಕೀರ್ತಿಗೆ ಅದು ಯಾರೋ ಹೆಂಗಸಿನ ದನಿ. ಅದು ನಿನ್ನ ದನಿಯಲ್ಲಿ ಕರೆದಾಗ ನಾನು ಕೀರ್ತಿಯ ಕಿವಿಯಿಂದ ಕೇಳಿಸಿಕೊಳ್ಳುತ್ತೇನೆ, ಉಳಿದವರ ಕಿವಿಯಿಂದಲೂ. ಅವಳಿಗೆ ಅವಳ ಅಣ್ಣ ಕರೆದಾಗ ನಾನು ಕಿವಿ ಕೊಡುತ್ತೇನೆ. ಹೀಗೆ ಹಂಚಿಕೊಂಡರೆ ಪ್ರತಿ ಕರೆಯೂ ಯಾರದೋ ಕರೆಯಾಗುತ್ತದೆ. ಇಷ್ಟೇ ನಮ್ಮ ಯುದ್ಧ.

ನನ್ನ ಎಡಕ್ಕೆ ಕೊಳ್ಳೇಗಾಲದ ಕಡೆಯ ಸಿದ್ದಪ್ಪಾಜಿ ಎಂಬ ಅಜ್ಜ. ಊಟದ ಹೊತ್ತಿಗೆ ನಗಿಸುತ್ತಾರೆ. “ನಂಗೆ ಆರ್ ವರ್ಸಕ್ಕೇ ಅವ್ವ ತೀರೋದ್ಲು ಕನವ್ವ. ಈಗ ನೋಡು, ನಾಕ್ ಸಾವ್ರ ಅವ್ವದೀರು ಉಣ್ಣಕೆ ಕರೀತಾವ್ರೆ, ಒಬ್ಬರ್ಗೂ ಓ ಅನ್ನಂಗಿಲ್ಲ.”

ಊಟ ಎಂದಾಗ ನೆನಪಾಯಿತು. ಎಲೆಯಲ್ಲೇ ಊಟ, ಮಣ್ಣಿನ ಲೋಟದಲ್ಲಿ ನೀರು. ತಂತಿ ನೆಟ್ಟವರು ಕಬ್ಬಿಣ, ಸ್ಟೀಲು ಮುಟ್ಟುವ ಹಾಗಿಲ್ಲ. ಮೊದಲ ವಾರ ನಾನು ಮರೆತು ಬಾಗಿಲ ಹಿಡಿ ಹಿಡಿದೆ, ನಾಲ್ಕು ಸಾವಿರ ಜನಕ್ಕೂ ಹಲ್ಲು ಜುಮ್ಮೆಂದು ಇಬ್ಬರು ಎಚ್ಚರ ತಪ್ಪಿದರು. ಆಮೇಲಿಂದ ನನಗೆ ಬಾಗಿಲು ಕಂಡರೇ ಭಯ.

ನೀನು ನೋಡಲು ಬರಬೇಡ. ನಿಜವಾದ ಅಮ್ಮ ಒಬ್ಬಳು ಗೋಡೆಯ ಆಚೆ ಮಾತಾಡಿದರೂ ಇಡೀ ಸಾಲು ತತ್ತರಿಸುತ್ತದಂತೆ.

ನಿನ್ನ ಕವನದ ಸಾಲಿನ ಬಗ್ಗೆ ಯಾರನ್ನಾದರೂ ಕೇಳುತ್ತೇನೆ.

ಲಾಸ್ಯ


ದೇವರಾಜ ಮೊಹಲ್ಲಾ
26 ಏಪ್ರಿಲ್

ಲಾಸ್ಯ,

ಕಾಗದ ಕಡಕೊಳದಿಂದ ಇಲ್ಲಿಗೆ ಬರಲು ಎರಡು ವಾರಕ್ಕೂ ಮೇಲಾಯಿತು. ಪ್ರತಿಯೊಂದನ್ನೂ ಒಡೆದು ಓದಿ ಕಳಿಸುತ್ತಾರಂತೆ. ಓದಲಿ.

‘ಯಾರೋ ಹೆಂಗಸು’ ಎಂಬ ಮಾತಿನ ಹತ್ತಿರ ನಾನು ತುಂಬ ಹೊತ್ತು ನಿಂತೆ. ಕೀರ್ತಿಗೆ ನಾನು ಯಾರೋ ಹೆಂಗಸು, ಸರಿ. ಅವಳ ಕಿವಿಯಿಂದ ಕೇಳಿ ಕೇಳಿ ನಿನಗೂ ಹಾಗೇ ಆಗುವುದಿಲ್ಲವೇ? ನೀನು ಬರೆದಿಲ್ಲ. ನೀನು ಬರೆಯದೆ ಬಿಟ್ಟದ್ದನ್ನು ಓದುವುದು ನನಗೆ ನೀನು ಹೈಸ್ಕೂಲಿನಲ್ಲಿದ್ದಾಗಿನಿಂದ ರೂಢಿ.

ಎದುರು ಮನೆಯ ದಾಕ್ಷಾಯಣಮ್ಮ ದಿನಾ ಬರುತ್ತಾರೆ. ಅವರ ಯಜಮಾನರೂ ಕರೆಯಲು ಶುರು ಮಾಡಿದ್ದಾರೆ. ನನಗೆ ಎದೆ ಒಡೆಯಿತು, ಅವರು ಕಾಫಿ ಹೀರುತ್ತ, “ಬದುಕಿದ್ದಾಗ ನಾನು ಹತ್ತು ಸಲ ಕೂಗಿದ್ರೂ ಓ ಅಂದೋರಲ್ಲ ಕಣ್ರೀ. ಈಗ ಕೂಗ್ಲಿ ಬುಡಿ, ಗಂಟಲು ನೋಯ್ಲಿ” ಎಂದರು. ನಾನು ನಕ್ಕೆ. ಆಮೇಲೆ ನೋಡಿದರೆ ಅವರು ಖಾಲಿ ಲೋಟವನ್ನೇ ಹೀರುತ್ತಿದ್ದರು.

ಕಸದ ಗಾಡಿಯ ಸ್ಪೀಕರಿನಿಂದಲೂ ಬರಲು ತೊಡಗಿದೆ. ಹಾಡಿನ ನಡುವೆ ಯಾರ ಹೆಸರೋ ಹಿಡಿದು ಕರೆಯುತ್ತದೆ. ಬೀದಿಯವರು ಸೇರಿ ಸ್ಪೀಕರ್ ಕಿತ್ತುಹಾಕಿದರು. ಮಾರ್ಕೆಟ್ಟಿನಲ್ಲಿ ಈಗ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಹೂವಿನವರು ಕೂಡ ತಟ್ಟೆ ಬಡಿದು ಗಿರಾಕಿ ಸೇರಿಸುತ್ತಾರೆ. ಎಷ್ಟು ಗದ್ದಲದ ಜಾಗ ಅದು! ಮಾತಿಲ್ಲದ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಂಡು ತಂದು, ಯಾರಿಗೆ ಮುಡಿಸಲಿ ಎಂದು ತಿಳಿಯದೆ ನಿನ್ನ ಅಪ್ಪನ ಫೋಟೋಕ್ಕೆ ಹಾಕಿದೆ.

ನಾನು ಇಲ್ಲಿ ಮಾಡುವುದು ಏನೂ ಇಲ್ಲ. ಓ ಎನ್ನದಿರುವುದು ಒಂದೇ. ಅಷ್ಟನ್ನು ಮಾಡುತ್ತೇನೆ, ಮಾತು ಕೊಡುತ್ತೇನೆ.

ನೀನು ಯಾರ ಕಿವಿಯಿಂದ ಕೇಳಿದರೂ,
ನಿನ್ನ ಅಮ್ಮ


ಕಡಕೊಳ
17 ಮೇ

ಅಮ್ಮ,

ಒಳ್ಳೆಯ ಸುದ್ದಿ ಮೊದಲು. ಅದು ಮೂರು ವಾರದಿಂದ ಕೆಳಗಿಳಿದಿಲ್ಲ. ಎಲ್ಲಿಯೂ. ನಮ್ಮ ಶೆಡ್ಡಿನಲ್ಲಿ ಚಪ್ಪಾಳೆ ಹೊಡೆಯಲಿಲ್ಲ, ಹೊಡೆಯುವ ಅಗತ್ಯವೇ ಇರಲಿಲ್ಲ. ಎಲ್ಲರ ಎದೆಯೂ ಒಟ್ಟಿಗೆ ಹಗುರಾದದ್ದು ಎಲ್ಲರಿಗೂ ತಿಳಿಯಿತು. ನಿನಗೆ ಇದನ್ನು ಹೇಗೆ ಹೇಳಲಿ? ಒಂದೇ ಹಂಡೆಯಲ್ಲಿ ಸ್ನಾನದ ನೀರು ಕಾದ ಹಾಗೆ.

ನಿನ್ನ ಸಾಲು ಈಗ ಲೋಕಕ್ಕೆಲ್ಲ ಗೊತ್ತು. ನಾನು ಕೇಳಲಿಲ್ಲ, ನೆನೆದೆ ಅಷ್ಟೇ, ಹರಡಿಬಿಟ್ಟಿತು. ಎಲ್ಲರೂ ಮುಗಿಸಲು ನೋಡುತ್ತಿದ್ದಾರೆ. ಕೀರ್ತಿ ‘ಓಗೊಡದ ಮನೆ ಉಳಿದ ಮನೆ’ ಎನ್ನುತ್ತಾಳೆ. ಮಂಜು ಬೀಳುವ ಯಾವುದೋ ದೇಶದ ಮುದುಕಿಯೊಬ್ಬಳು ‘ಕಾಯುತ್ತಿರುವ ಮನೆ’ ಎಂದಳು. ಯಾವುದು ಸರಿ, ನೀನೇ ಹೇಳಬೇಕು.

ಇನ್ನೊಂದು ಸುದ್ದಿ. ನೀನು ಬರೆಯದೆ ಬಿಟ್ಟದ್ದನ್ನು ಓದುತ್ತೀಯಲ್ಲ, ಅದಕ್ಕೇ ಬರೆದೇಬಿಡುತ್ತೇನೆ. ಮೊನ್ನೆ ನಿನ್ನ ದನಿಯಲ್ಲಿ ಕರೆ ಬಂತು. “ಲಾಸೂ, ತಲೆ ಒರೆಸಿಕೊಳ್ಳೇ” ಎಂದು. ನಾನು ಸುಮ್ಮನೆ ಕೂತಿದ್ದೆ. ಕೀರ್ತಿ ಕಣ್ಣು ತೆರೆದು, “ಏಯ್, ನಿಮ್ಮಮ್ಮ ಕಣೇ” ಎಂದಳು. ಆಮೇಲೆ ನನಗೆ ತಿಳಿಯಿತು. ಅವಳಿಗೆ ಮೊದಲು ತಿಳಿಯಿತು, ನನಗಲ್ಲ.

ಅಳಬೇಡ. ನಾನು ಅಳುವುದಿಲ್ಲ, ಅತ್ತರೆ ನಾಲ್ಕು ಸಾವಿರ ಜನ ಅಳಬೇಕು.

ಲಾಸ್ಯ


ಕಡಕೊಳ
12 ಜೂನ್

ಅಮ್ಮ,

ಇದು ಸಿಕ್ಕಿದ ತಕ್ಷಣ ಎರಡು ಸಲ ಓದು.

ಅದು ಮತ್ತೆ ಇಳಿಯುತ್ತಿದೆ. ಕರೆಗಳು ಹತ್ತು ಪಟ್ಟಾಗಿವೆ. ಈಗಿನ ಹಾಗೆ ಅರ್ಧ ಸೇರಿ ಅರ್ಧ ಬೇರೆಯಾಗಿ ಕೂತರೆ ಸಾಲದು. ಹತ್ತೊಂಬತ್ತು, ಶುಕ್ರವಾರ ಬೆಳಗ್ಗೆ ಎಲ್ಲ ಶೆಡ್ಡುಗಳಲ್ಲೂ ಎಲ್ಲರ ಮನಸ್ಸನ್ನೂ ಒಂದಾಗಿ ಪೂರ್ತಿ ಕಟ್ಟುತ್ತಾರೆ. ಆಮೇಲೆ ಬಿಚ್ಚಲು ಬರುವುದಿಲ್ಲ. ಬದುಕಿರುತ್ತೇವೆ, ಆದರೆ ಯಾರ ಅಮ್ಮ ಯಾರಿಗೆ ಎಂಬ ಲೆಕ್ಕ ಉಳಿಯುವುದಿಲ್ಲ. ಬೇಡ ಎನ್ನುವವರು ಎದ್ದು ಹೋಗಬಹುದು ಎಂದರು. ಯಾರೂ ಏಳಲಿಲ್ಲ. ಸಿದ್ದಪ್ಪಾಜಿ ಮಾತ್ರ ಎದ್ದು ನೀರು ಕುಡಿದು ಬಂದು ಕೂತರು.

ಗುರುವಾರ ಮಧ್ಯಾಹ್ನ ಒಂದು ಸಲ ಮನೆಗೆ ಹೋಗಿ ಬರಲು ಬಿಡುತ್ತಾರೆ. ವ್ಯಾನು ನಮ್ಮ ಬೀದಿಯ ತುದಿಯವರೆಗೆ ಬರುತ್ತದೆ, ನಿಲ್ಲುವುದು ಕಾಲು ಗಂಟೆ. ನಾಲ್ಕರ ಸುಮಾರಿಗೆ ನಾನು ಗೇಟಿನ ಹತ್ತಿರ ನಿಂತು ಕರೆಯುತ್ತೇನೆ. ಕಬ್ಬಿಣದ ಗೇಟು, ಮುಟ್ಟಲಾರೆ, ಅದು ನಿನಗೆ ಗೊತ್ತು. ನೀನು ಇಳಿದು ಬಂದು ತೆಗಿ. ಇಳಿಯಲು ಆಗದಿದ್ದರೂ ಪರವಾಗಿಲ್ಲ, ಮಹಡಿಯ ಮೇಲಿನಿಂದಲೇ ಒಂದು ಸಲ ಓ ಅನ್ನು. ನಿನ್ನ ದನಿ ನನಗೆ ಇನ್ನೂ ಅಮ್ಮನ ದನಿಯಾಗಿರುವಾಗಲೇ ಒಮ್ಮೆ ಕೇಳಬೇಕು. ಅಷ್ಟೇ ಬೇಕಾಗಿರುವುದು.

ಅದು ನಾನೋ ಅಲ್ಲವೋ ಎಂದು ಹೆದರಬೇಡ ಎನ್ನುವುದಕ್ಕೇ ಇದನ್ನು ಮೊದಲೇ ಬರೆಯುತ್ತಿದ್ದೇನೆ. ಈ ಸಲದ ಕಾಗದಗಳನ್ನು ತಡಮಾಡದೆ ಕಳಿಸುತ್ತಾರಂತೆ, ಹದಿನೈದು ಕಿಲೋಮೀಟರಿಗೆ ಆರು ದಿನ ಸಾಕಲ್ಲವೇ?

ಗುರುವಾರ ಸಿಗುವ
ಲಾಸೂ


ದೇವರಾಜ ಮೊಹಲ್ಲಾ
14 ಜೂನ್

ಲಾಸ್ಯ,

ಮೇ ತಿಂಗಳ ನಿನ್ನ ಕಾಗದ ಮೊನ್ನೆ ಕೈಸೇರಿತು. ಅಳಬೇಡ ಎಂದಿದ್ದೀಯೆ, ಅಳಲಿಲ್ಲ. ಒಬ್ಬಳೇ ಇರುವವಳು ಅತ್ತರೆ ಯಾರಿಗೂ ನಷ್ಟವಿಲ್ಲ, ಆದರೂ ಅಳಲಿಲ್ಲ. ಕೀರ್ತಿಗೆ ನನ್ನ ನಮಸ್ಕಾರ ಹೇಳು. ನನ್ನನ್ನು ಗುರುತಿಟ್ಟುಕೊಂಡಿದ್ದಾಳಲ್ಲ, ಅವಳಿಗೂ ತಲೆ ಒರೆಸಿಕೊಳ್ಳಲು ಹೇಳು.

ಇಲ್ಲಿ ಹೊಸದೊಂದು ಕಷ್ಟ. ಈಗ ಅದಕ್ಕೆ ಫೋನು, ಸ್ಪೀಕರು ಏನೂ ಬೇಕಿಲ್ಲ. ಬರೀ ಗಾಳಿಯಲ್ಲೇ ಬರುತ್ತದೆ, ಗೇಟಿನಾಚೆ ನಿಂತು ಕರೆದಷ್ಟು ಸ್ಪಷ್ಟವಾಗಿ. ಕಳೆದ ವಾರ ನಮ್ಮ ಸಾಲಿನಲ್ಲೇ ಇಬ್ಬರು ಓಗೊಟ್ಟು ಇಳಿದು ಹೋದರು. ಬೀದಿಯವರೆಲ್ಲ ದಾಕ್ಷಾಯಣಮ್ಮನ ಜಗಲಿಯಲ್ಲಿ ಸೇರಿದೆವು. ಉಪಾಯ ಹೊಳೆದದ್ದು ಅವರಿಗೇ. “ಅವಕ್ಕೆ ಬಾಯಿದೆ, ಕೈಯಿಲ್ಲ ಕಣ್ರೀ. ಬಂದೋರು ಕೂಗ್ಬಾರ್ದು. ಗೇಟಿನ ಚಿಲಕ ಬಡೀಲಿ. ಚಿಲಕ ಬಡಿದ್ರೆ ಮನುಷ್ಯರು, ಕೂಗಿದ್ರೆ ಅವು.” ಎಲ್ಲರೂ ಒಪ್ಪಿದೆವು. ಅಂದಿನಿಂದ ನಮ್ಮ ಬೀದಿಯಲ್ಲಿ ಯಾರೂ ಹೋಗಿಲ್ಲ. ಸಂಜೆಯಾದರೆ ಟಣ್ ಟಣ್ ಎಂದು ಚಿಲಕಗಳ ಸದ್ದು, ಮದುವೆ ಮನೆಯ ಹಾಗೆ.

ನೀನು ಎಂದಾದರೂ ಬಂದರೆ ಮರೆಯಬೇಡ. ಕೂಗಬೇಡ, ಚಿಲಕ ಬಡಿ.

ಇನ್ನು ಕವನದ ಸಾಲಿನ ವಿಷಯ. ಮಂಜಿನ ದೇಶದ ಮುದುಕಿ ಹೇಳಿದ್ದು ನನಗೆ ಹಿಡಿಸಿತು. ನಾನು ಓದಿದ್ದು ಅದಲ್ಲ, ಆದರೂ ಅದೇ ಇರಲಿ ಎನ್ನಿಸಿತು.

ಕಾಯುತ್ತಿರುವ ಮನೆಯಿಂದ,
ಅಮ್ಮ


ದೇವರಾಜ ಮೊಹಲ್ಲಾ
20 ಜೂನ್, ಶನಿವಾರ

ಲಾಸ್ಯ,

ಮೇ ತಿಂಗಳದ್ದಾದ ಮೇಲೆ ನಿನ್ನ ಕಾಗದ ಬಂದಿಲ್ಲ. ಬಂದೀತು. ಅಷ್ಟರಲ್ಲಿ ಒಂದು ವಿಷಯ ಹೇಳಬೇಕು, ನೀನು ಹೆಮ್ಮೆ ಪಡುವಂಥದು.

ಗುರುವಾರ ನಾಲ್ಕರ ಹೊತ್ತಿಗೆ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದೆ. “ಅಮ್ಮಾ.” ನೀನೇ. ನೀನೇ ಅನ್ನುವ ಹಾಗೆ. ಇಷ್ಟು ದಿನ ಅದು ನಿನ್ನ ದನಿಯಲ್ಲಿ ನನ್ನನ್ನು ಕರೆದಿರಲಿಲ್ಲ, ಎಂದಾದರೂ ಕರೆಯುತ್ತದೆ ಎಂದು ಸಿದ್ಧಳಾಗಿಯೇ ಇದ್ದೆ. ಆದರೂ ಕಾಲು ತಾನಾಗಿ ಎದ್ದಿತು. ಚಿಲಕದ ಸದ್ದಿಗೆ ಕಾದೆ. ಇಲ್ಲ. ಮತ್ತೆ “ಅಮ್ಮಾ.” ಈ ಸಲ ಸ್ವಲ್ಪ ನೆಗಡಿಯಾದ ದನಿ. ಅಪ್ಪನ ದನಿಯಲ್ಲಿ ಕೆಮ್ಮು ಬಿಟ್ಟಿದ್ದವು ಈಗ ನೆಗಡಿಯನ್ನೂ ಸೇರಿಸುತ್ತಿವೆ, ಎಷ್ಟು ಬೇಗ ಕಲಿಯುತ್ತಿವೆ ಎಂದುಕೊಂಡೆ.

ಕಿಟಕಿಯಿಂದ ಬಗ್ಗಿದರೆ ಗೇಟು ಕಾಣುತ್ತದೆ. ಬಗ್ಗಲಿಲ್ಲ. ಬಗ್ಗಿದರೆ ಅಲ್ಲಿ ಏನಿದ್ದರೂ, ಏನೂ ಇಲ್ಲದಿದ್ದರೂ, ನನಗೆ ನೀನೇ ಕಾಣುತ್ತೀಯೆ, ಕಂಡರೆ ಇಳಿದುಬಿಡುತ್ತೇನೆ. ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮತ್ತೆ ಬಂತು: “ಅಮ್ಮಾ, ಇಳೀದಿದ್ರೂ ಪರವಾಗಿಲ್ಲ. ಒಂದೇ ಒಂದ್ಸಲ ಓ ಅನ್ನಮ್ಮ. ಸಾಕು.”

ಅವು ಕೇಳುವುದೂ ಅದನ್ನೇ ತಾನೇ? ಒಂದು ಸಲ ಓ ಅನ್ನು, ಸಾಕು. ಬಾಯಿ ತೆರೆದುಕೊಂಡಿತು. ಒತ್ತಿ ಹಿಡಿಯಲು ನೀನಿರಲಿಲ್ಲ. ಬಂದೇಬಿಡುತ್ತಿದ್ದ ‘ಓ’ವನ್ನು ನುಂಗಿ, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ: “ನಾಳೆ ಬಾ.”

ಆಮೇಲೆ ಕರೆ ನಿಂತುಹೋಯಿತು. ಅಜ್ಜಿ ಹೇಳಿದ ಹಾಗೇ.

ಕೊಟ್ಟ ಮಾತು ಉಳಿಸಿಕೊಂಡೆ, ಮಗಳೇ. ನೀನು ಅಲ್ಲಿ ಕೂತು ತಡೆಯುವುದರ ಮುಂದೆ ಇದು ಏನೂ ಅಲ್ಲ. ಆದರೂ ಒಂದು ಗೇಣಿನಷ್ಟು ಆಕಾಶವನ್ನು ನಾನೂ ಹಿಡಿದು ನಿಲ್ಲಿಸಿದೆ ಎನ್ನಿಸಿತು. ಆ ಸಂಜೆ ತಾರಸಿಗೆ ಹೋಗಿ ನೋಡಿದೆ. ನಿನ್ನೆಯೂ ನೋಡಿದೆ. ನಿನ್ನೆ ಬೆಳಗ್ಗೆಯಿಂದ ಬೀದಿಯಲ್ಲಿ ಒಂದು ಕರೆಯೂ ಇಲ್ಲ, ಗೋಪುರದ ತುದಿ ಮತ್ತೆ ಕಾಣುತ್ತಿದೆ. ನೀವೆಲ್ಲ ಏನು ಮಾಡಿದಿರೋ! ಬೇಗ ಬರಿ.

ನಿನ್ನ ಧೈರ್ಯದಲ್ಲಿ ಸ್ವಲ್ಪ ಪಾಲು ಕೇಳುವ
ಅಮ್ಮ

ಲಕೋಟೆ ಅಂಟಿಸುವಷ್ಟರಲ್ಲಿ ಕೆಳಗೆ ಚಿಲಕ ಬಡಿಯಿತು. ಇಳಿದು ಹೋಗಿ ತೆಗೆದೆ. ದಾಕ್ಷಾಯಣಮ್ಮ, ಕೈಯಲ್ಲಿ ಊರಿನಿಂದ ತಂದ ಬ್ಯಾಗು ಇನ್ನೂ ಹಾಗೇ ಇತ್ತು. ಒಳಗೆ ಬನ್ನಿ ಎಂದೆ, ಬರಲಿಲ್ಲ. ಅವರು ಬಾಗಿಲಲ್ಲಿ ನಿಂತು ಹೇಳಿದ್ದನ್ನು ಹಾಗೆಯೇ ಬರೆದಿಡುತ್ತೇನೆ. ನನ್ನ ಮಾತಿನಲ್ಲಿ ಬರೆಯಲು ಕೈ ಏಳುತ್ತಿಲ್ಲ.

“ಗುರುವಾರಾನೇ ಹೇಳ್ಬೇಕಿತ್ತು ಕಣ್ರೀ, ಅವತ್ತು ಸಂಜೆ ತಂಗಿ ಮನೆಗೆ ಹೋದೋಳು ಈಗ ಬರ್ತಾ ಇದೀನಿ. ಮಾರ್ಕೆಟ್ಟಿಂದ ಸೊಪ್ಪು ತರ್ತಾ ಇದ್ದೆ, ನಿಮ್ಮ ಲಾಸ್ಯ ಬೀದಿ ತುದೀಲಿ ವ್ಯಾನ್ ಹತ್ತೋಕೆ ಹೋಗ್ತಾ ಇದ್ಳು. ಎಷ್ಟು ಇಳಿದೋಗವ್ಳೆ ಮಗು, ನೆಗಡಿ ಬೇರೆ. ಬಾರೇ, ನಾನು ಚಿಲಕ ಬಡೀತೀನಿ ಅಂದೆ. ಟೈಮ್ ಆಗೋಯ್ತು ಆಂಟಿ, ಅಮ್ಮನ ದನಿ ಕೇಳ್ದೆ, ಅಮ್ಮಂದೇ ಅಂತ ಗೊತ್ತಾಯ್ತು, ಸಾಕು ಅಂದ್ಳು. ನಗ್ತಾನೇ ಇದ್ಳು ಕಣ್ರೀ. ನಾಳೆ ಬರ್ತೀನಂತೆ ಅಂತ ಅಮ್ಮಂಗೆ ಹೇಳ್ಬುಡಿ ಅಂದ್ಳು. ಬಂದ್ಳೇನ್ರೀ?”